ವೀಕೆಂಡ್ ಮಹಾಶಯರಿಗೆ ಹಿನ್ನೀರಿನವರ ಬಹಿರಂಗ ಪತ್ರ

ಸನ್ಮಾನ್ಯ ವೀಕೆಂಡ್ ಮಹಾಶಯರೇ,

ಶರಾವತಿ ಹಿನ್ನೀರಿನ ಆಚೆ ದಡದಿಂದ ನಮಸ್ಕಾರ. ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಕ್ಷೇಮ ಸಮಾಚಾರ ಶನಿವಾರ ಮಧ್ಯಾಹ್ನ ಕಾರಿನ ಹಾರ್ನಿನಲ್ಲೇ ತಿಳಿಯುತ್ತದೆ, ಪ್ರತ್ಯೇಕ ಬರೆಯಬೇಕಾಗಿಲ್ಲ.

ಮೊದಲು ಉಪಕಾರ ಸ್ಮರಣೆ. 1964ರಲ್ಲಿ ಕರೆಂಟಿಗಾಗಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಊರುಗಳು ಮುಳುಗಿದವು. ತುಮರಿ, ಬ್ಯಾಕೋಡು ಕಡೆಯ ನಾವು ಸಾಗರದ ಪೇಟೆಗೆ ಹೋಗಬೇಕಾದರೆ ಲಾಂಚೇ ಗತಿಯಾಯಿತು. ಇಲ್ಲವಾದರೆ ಕಾಡು ಬಳಸಿಕೊಂಡು ದೂರದ ಸುತ್ತು. ಸಂಜೆಯ ಕೊನೇ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬರಬಾರದು, ಹಾವು ಕಚ್ಚಬಾರದು ಎಂಬ ಶಿಸ್ತನ್ನು ಮೂರು ತಲೆಮಾರು ಪಾಲಿಸಿಕೊಂಡು ಬಂದೆವು. ಹಾವಿಗೆ ಮಾತ್ರ ಲಾಂಚಿನ ಟೈಮ್‌ಟೇಬಲ್ ತಿಳಿಯಲಿಲ್ಲ. ಸೇತುವೆ ಕೊಡಿ ಎಂದು ಅರ್ಜಿ ಬರೆದೆವು, ಪಾದಯಾತ್ರೆ ಮಾಡಿದೆವು. ನಾಲ್ಕು ಮನೆಗೊಂದು ಸೇತುವೆಯೇ ಎಂಬ ಲೆಕ್ಕಾಚಾರ ಸರ್ಕಾರದ್ದು.

ಅಷ್ಟರಲ್ಲಿ ನೀವು ಬಂದಿರಿ. ಸಿಗಂದೂರು ಚೌಡಮ್ಮನಿಗೆ ಹಣ್ಣುಕಾಯಿ ಮಾಡಿಸಲು ಬಂದಿರಿ, ಲಾಂಚಿನ ಮೇಲೆ ಬಸ್ಸು ನಿಲ್ಲುವ ಚೋದ್ಯ ನೋಡಲು ಬಂದಿರಿ. ಲಾಂಚ್ ಹತ್ತುವ ಹೊಳೆಬಾಗಿಲಿನಲ್ಲಿ ಕಾರುಗಳು ಮೈಲುಗಟ್ಟಲೆ ಸಾಲುಗಟ್ಟಿದವು. ಕಡೆಗೂ 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2.44 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆಯಾಯಿತು. ಆಹ್ವಾನ ಸರಿಯಾಗಿ ಬರಲಿಲ್ಲವೆಂದು ಬೆಂಗಳೂರು, ದೆಹಲಿಗಳ ನಡುವೆ ಅಂದು ಜಗಳವೂ ಆಯಿತು. ನಮಗಂತೂ ಬೇಸರವಿಲ್ಲ. ಮುಳುಗಿಸುವಾಗಲೇ ಹೇಳಿ ಕೇಳಿ ಮುಳುಗಿಸಿದವರಲ್ಲ, ಆಹ್ವಾನ ಪತ್ರಿಕೆಯ ಅಭ್ಯಾಸ ನಮಗೆಲ್ಲಿಂದ ಬರಬೇಕು ಮಾರಾಯ್ರೇ?

ಈಗ ಸೇತುವೆಯ ನಡುಮಧ್ಯೆ ಕಾರು ನಿಲ್ಲಿಸಿ, ಬಾಗಿಲು ತೆರೆದಿಟ್ಟು, ಹಾಡು ಹಾಕಿ ನೀವು ರೀಲ್ಸ್ ಮಾಡುತ್ತೀರಿ. ಹಿಂದೆ ಆಂಬುಲೆನ್ಸ್ ಬಂದರೆ ಅದಕ್ಕೂ ಕೈ ಬೀಸುತ್ತೀರಿ. ಸಂತೋಷ.

ಬೇಸಿಗೆಯಲ್ಲಿ ಬಂದರೆ ನಿಮಗೆ ಇನ್ನೊಂದು ವಿಶೇಷ ಪ್ರದರ್ಶನವಿದೆ. ಹಿನ್ನೀರಿನ ಪೂರ್ಣ ಮಟ್ಟ 1819 ಅಡಿ. ಅದು ಇಳಿಯುತ್ತ ಹೋದ ಹಾಗೆ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ನೀರಿನಿಂದ ಮೇಲೇಳುತ್ತದೆ. 1948ರಲ್ಲಿ ಬಳಕೆಗೆ ಬಂದು ಹದಿನಾರು ವರ್ಷಕ್ಕೇ ಮುಳುಗಿದ ಕಟ್ಟು ಅದು. ದೊಡ್ಡ ಅಣೆಕಟ್ಟು ಸಣ್ಣ ಅಣೆಕಟ್ಟನ್ನೂ ಒಕ್ಕಲೆಬ್ಬಿಸಿತು ನೋಡಿ, ಸರ್ಕಾರದ ನ್ಯಾಯದಲ್ಲಿ ಪಕ್ಷಪಾತವಿಲ್ಲ. ಇಷ್ಟು ವರ್ಷ ನೀರಿನಡಿ ಇದ್ದರೂ ಅದರ ಸೈಫನ್‌ಗಳ ಬಾಯಿ ಇನ್ನೂ ಗಟ್ಟಿ. ನೀವು ಅದರ ಮೇಲೆ ಹೆಸರು ಕೆತ್ತುತ್ತೀರಿ, ಹೃದಯವೊಂದನ್ನು ಬರೆದು ಬಾಣ ಚುಚ್ಚುತ್ತೀರಿ. ಕಾರನ್ನು ಒಣಗಿದ ಬಯಲಿಗಿಳಿಸಿ ಗಿರಕಿ ಹೊಡೆಸುತ್ತೀರಿ. ಗಾಲಿಗೆ ಮರದ ಬೊಡ್ಡೆ ತಾಗಿದರೆ ಬೈಯಬೇಡಿ, ಅದು ಯಾರದೋ ಹಿತ್ತಲಿನ ಮರ. ನೀವು 'ಬೀಚ್' ಎನ್ನುವುದು ಯಾರದೋ ಗದ್ದೆ. ಬಾಟಲಿ ಒಡೆದು ಹಾಕಿದ ಜಾಗದಲ್ಲಿ ಒಂದು ಕಾಲಕ್ಕೆ ಭತ್ತ ಒಕ್ಕುತ್ತಿದ್ದರು.

ಆ ಗದ್ದೆಯವರೆಲ್ಲಿ ಎಂದು ಕೇಳಿದಿರಾ? ಕೇಳಲಿಲ್ಲ, ನಾನೇ ಹೇಳುತ್ತೇನೆ. ಲಾರಿಗೆ ಸಾಮಾನು ಹೇರಿಸಿ ಕಾಡಿನ ನಡುವೆ ಇಳಿಸಿದರು. ಆ ನೆಲ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. ಅದನ್ನು ಅರಣ್ಯದಿಂದ ಬಿಡಿಸಲು ರಾಜ್ಯ ಸರ್ಕಾರ ಮಾಡಿದ ಡಿನೋಟಿಫಿಕೇಶನ್‌ಗೆ ಕೇಂದ್ರದ ಅನುಮತಿ ಇರಲಿಲ್ಲವೆಂದು ಅದು ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಅಜ್ಜ ಹಕ್ಕುಪತ್ರ ಕೇಳಿ ಸತ್ತರು, ಅಪ್ಪ ಪಹಣಿ ಹಿಡಿದು ತಾಲೂಕು ಕಚೇರಿಯ ಮೆಟ್ಟಿಲು ಸವೆಸಿದರು, ಮೊಮ್ಮಗ ಒತ್ತುವರಿದಾರ. ನಾಡಿಗೆಲ್ಲ ಬೆಳಕು ಕೊಟ್ಟವರೆಂದು ಭಾಷಣಗಳಲ್ಲಿ ನಮ್ಮನ್ನು ಹೊಗಳುವುದಂತೂ ಯಾವ ಸರ್ಕಾರ ಬಂದರೂ ನಿಂತಿಲ್ಲ.

ನಿಮಗೆ ಇಷ್ಟು ದೂರ ಬರುವುದೇ ಪ್ರಯಾಸ ಎಂದುಕೊಂಡೋ ಏನೋ, ಈ ನೀರನ್ನೇ ಪೈಪಿನಲ್ಲಿ ಬೆಂಗಳೂರಿಗೆ ಒಯ್ಯುವ ಯೋಚನೆಯೂ ಎದ್ದಿತ್ತು. 2019ರ ಜುಲೈಯಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಮಾಡಿ ಬೇಡವೆಂದಿತು. ಆ ಮಾತು ಆಗಾಗ ಮತ್ತೆ ತಲೆಯೆತ್ತುತ್ತದೆ. ನೀರು ಬಂದೇ ಬಿಟ್ಟರೆ ನೀವು ಹಿನ್ನೀರಿನ ಸ್ನಾನವನ್ನು ಬಚ್ಚಲಲ್ಲೇ ಮುಗಿಸಬಹುದು, ಹೋಮ್‌ಸ್ಟೇ ಖರ್ಚೂ ಉಳಿಯಿತು.

ಒಂದೇ ಕೋರಿಕೆ. ನಾವು ಅರವತ್ತು ವರ್ಷ ಕೂಗಿದ್ದು ವಿಧಾನಸೌಧಕ್ಕೆ ಕೇಳಿಸಲಿಲ್ಲ. ನೀವು ಕ್ಯೂನಲ್ಲಿ ನಿಂತು ಗೊಣಗಿದ್ದು ಕೇಳಿಸಿತು. ಆದ್ದರಿಂದ ಮುಂದಿನ ಶನಿವಾರ ಬರುವಾಗ ಹಕ್ಕುಪತ್ರದ ವಿಷಯವಾಗಿಯೂ ಸ್ವಲ್ಪ ಗೊಣಗಿ. ವಾಪಸು ಹೋಗುವಾಗ ಬಾಟಲಿಗಳನ್ನು ಡಿಕ್ಕಿಯಲ್ಲೇ ಹಾಕಿಕೊಂಡು ಹೋಗಿ.

ಇಂತಿ ನಿಮ್ಮ ವಿಶ್ವಾಸಿ,
ಮುಳುಗಡೆಯವರಲ್ಲೊಬ್ಬ