ಬೀದರಿನ ನೀರು: ಬಳಸುವ ಮುನ್ನ ಓದಿರಿ

ಮಾದರಿ: ಕರೇಜ್, 15ನೇ ಶತಮಾನ. ಊರವರು ಕರೆಯುವುದು ಸುರಂಗ ಬಾವಿ ಎಂದು. ಬಹಮನಿ ಸುಲ್ತಾನ ಅಹ್ಮದ್ ಶಾಹ ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದ ಮೇಲೆ, ಗುಡ್ಡದ ಮೇಲಿನ ಊರಿಗೆ ನೀರುಣಿಸಲು ಇರಾನಿನ ವಿದ್ಯೆ ಇಲ್ಲಿಗೆ ಬಂತು.

ಜೋಡಿಸುವ ಕ್ರಮ: ಮೇಲೆ ತೂತು ತೂತಾದ ಜಂಬಿಟ್ಟಿಗೆ ಕಲ್ಲು, ಕೆಳಗೆ ನೀರನ್ನು ಸುಲಭಕ್ಕೆ ಇಳಿಯಗೊಡದ ಕಪ್ಪು ಕಲ್ಲು. ಮಳೆನೀರು ಎರಡೂ ಕೂಡುವಲ್ಲಿ ತಂಗುತ್ತದೆ. ಅಲ್ಲಿಗೆ ಸುರಂಗ ಕೊರೆದು ತುಸು ಇಳಿಜಾರು ಕೊಟ್ಟರೆ ಸಾಕು, ನೀರು ತಾನೇ ಹರಿದು ಬರುತ್ತದೆ. ಮೋಟಾರು ಬೇಡ, ಕರೆಂಟಿಗೆ ಕಾಯಬೇಕಿಲ್ಲ. ಊರಂಚಿನ ನೌಬಾದಿನ ಸುರಂಗಕ್ಕೆ ಮೇಲಿನಿಂದ ಇಳಿಸಿದ 21 ಬಾವಿಗಳಿವೆ. ಅವು ಗಾಳಿ ಆಡಲು, ಹೂಳು ತೆಗೆಯಲು.

ಎಚ್ಚರಿಕೆ: ಸದರಿ ಬಾವಿಗಳು ಕಸದ ಡಬ್ಬಿಗಳಲ್ಲ. ಈ ಸೂಚನೆ ತಡವಾಗಿ ಅಚ್ಚಾಗುತ್ತಿದೆ. ಅಷ್ಟರಲ್ಲಿ ಕೆಲವು ತುಂಬಿಹೋದವು. ಕೇರಳದ ಭೂಗೋಳ ಪ್ರಾಧ್ಯಾಪಕ ಗೋವಿಂದನ್‌ಕುಟ್ಟಿಯವರು ಬಂದು ನಕ್ಷೆ ಹಾಕಿದ ಮೇಲೆಯೇ ನಮ್ಮ ಕಾಲಡಿಯಲ್ಲಿ ಏನಿದೆಯೆಂದು ಅನೇಕರಿಗೆ ತಿಳಿದದ್ದು.

ಭಕ್ತರಿಗೆ: ನರಸಿಂಹ ಝರಣಿಯಲ್ಲಿ ಎದೆಮಟ್ಟದ ನೀರಲ್ಲಿ ನಡೆದೇ ದೇವರನ್ನು ಕಾಣಬೇಕು. ಗುರುನಾನಕ್ ಝೀರಾದ ನೀರನ್ನು ಬಾಟಲಿಯಲ್ಲಿ ಒಯ್ಯಬಹುದು. ಎರಡು ಧರ್ಮ, ನೀರು ಕೊಡುವ ಗುಡ್ಡ ಒಂದೇ.

ಭಾಲ್ಕಿ, ಔರಾದ ತಾಲೂಕುಗಳ ಗ್ರಾಹಕರ ಗಮನಕ್ಕೆ: ಈ ಮಾದರಿ ನಿಮ್ಮ ಯರಿ ಭೂಮಿಗೆ ಹೊಂದುವುದಿಲ್ಲ. ಭಾಲ್ಕಿಯವರಿಗೆ ಬ್ಯಾಲಹಳ್ಳಿಯ ಕಾರಂಜಾ ಅಣೆಕಟ್ಟೆ ಇದೆ, 7.69 ಟಿಎಂಸಿ, ಬೀದರಿನ ನಳಕ್ಕೂ ಅಲ್ಲಿಂದಲೇ ನೀರು. ನಡುವೆ ಕಬ್ಬು ಎಂಬ ಗ್ರಾಹಕ ನಿಂತಿದ್ದಾನೆ, ಅವನ ಕೊಡ ತುಂಬಿದ್ದನ್ನು ಕಂಡವರಿಲ್ಲ. ಇನ್ನು ನಮ್ಮ ಜಿಲ್ಲೆಯಲ್ಲಿ ಹರಿಯುವ ಮಾಂಜ್ರಾ ನದಿಯ ಮೂಲ ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ. ಅವರ ಅಣೆಕಟ್ಟೆ ತುಂಬಿದ ಮೇಲೆ ನಮ್ಮ ಸರದಿ. 2016ರಲ್ಲಿ ಅದೇ ನದಿಯನ್ನು ನಂಬಿದ್ದ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ನೀರು ತರಿಸಬೇಕಾಯಿತು.

ಔರಾದಿನ ಹಳ್ಳಿಗಳಲ್ಲಿ ಬೇಸಿಗೆಯ ನೀರಿಗೆ ನಾಲ್ಕು ಗಾಲಿ. ಬಳಸುವ ವಿಧಾನ: ಟ್ಯಾಂಕರಿನ ಹಾರ್ನ್ ಕೇಳಿದೊಡನೆ ಒಲೆ ಆರಿಸಿ ಓಡಿರಿ. ಮೊದಲು ಕೊಡ ಇಡಿ, ಜಗಳ ಆಮೇಲೆ ತೆಗೆಯಿರಿ; ಕ್ರಮ ತಪ್ಪಿದರೆ ಜಗಳವೊಂದೇ ಮನೆಗೆ ಬರುತ್ತದೆ. ‘ಅಕ್ಕಾ, ಒಂದ್ ಕೊಡ ಬಿಡ್ರಿ, ಮನ್ಯಾಗ ಕೂಸದ’ ಎಂದವರಿಗೆ ಪೈಪು ಬಿಡುವುದು ಕಡ್ಡಾಯ. ಇದು ಯಾವ ಸರ್ಕಾರಿ ಆದೇಶದಲ್ಲೂ ಇಲ್ಲ, ಆದರೂ ಪಾಲನೆಯಲ್ಲಿದೆ. ಗಂಡಸರು ಕಟ್ಟೆಯ ಮೇಲೆ ಕುಳಿತು ಸಲಹೆ ಕೊಡಬಹುದು. ಕೊಡ ಹೊರುವುದಕ್ಕೆ ಈ ಕೈಪಿಡಿ ಅಡ್ಡಿ ಮಾಡುವುದಿಲ್ಲ, ಪ್ರಯೋಗ ಮಾಡಿ ನೋಡಿದವರು ಕಡಿಮೆ.

ಖಾತರಿ: ಸುರಂಗ ಬಾವಿಯ ತಯಾರಕರು ಅಂಗಡಿ ಮುಚ್ಚಿ ಐದು ಶತಮಾನವಾಗುತ್ತ ಬಂತು, ಬಿಡಿಭಾಗಗಳು ಸಿಗುವುದಿಲ್ಲ. ಆದ್ದರಿಂದ ನೌಬಾದಿನ ಕಡೆ ಪ್ಲಾಟು ಕೊಂಡವರಲ್ಲಿ ಒಂದು ವಿನಂತಿ: ಬೋರ್‌ವೆಲ್ ಲಾರಿ ಕರೆಸುವ ಮೊದಲು ಸುರಂಗ ಎಲ್ಲಿ ಹಾದುಹೋಗಿದೆ ಎಂದು ನಕ್ಷೆ ಕೇಳಿ ನೋಡಿರಿ.