ಪುರಕಟ್ಟಲ್ ಮೀಮಾಂಸೆ

ಫ್ರ್ಯಾಕ್ಟಲ್ ಎಂಬ ಚಿತ್ರವಿಶೇಷವನ್ನು ಪ್ರತಿದಿನವೂ ಪ್ರಾತಃಕಾಲದಲ್ಲಿ ಗಣಕಯಂತ್ರದಿಂದ ಉತ್ಪಾದಿಸಿ, ಬಂಧುಬಾಂಧವರು ಬೇಡಿದರೂ ಬೇಡದಿದ್ದರೂ ಅವರ ವಾಟ್ಸಾಪಿಗೆ ರವಾನಿಸುವ ಹವ್ಯಾಸಕ್ಕೆ ಈಡಾದ ನನ್ನಂಥವನು, ಆ ವ್ಯಸನಕ್ಕೊಂದು ಶಾಸ್ತ್ರಾಧಾರವನ್ನು ಹುಡುಕಹೊರಟುದು ಸಹಜವೇ ಸರಿ. ಬೆನ್ವಾ ಮ್ಯಾಂಡೆಲ್‌ಬ್ರೋ ಎಂಬ ಗಣಿತಜ್ಞನು 1975ರಲ್ಲಿ, ಮುರಿದದ್ದು ಎಂಬರ್ಥದ ಲ್ಯಾಟಿನ್ ‘ಫ್ರ್ಯಾಕ್ಟಸ್’ ಪದದಿಂದ ಈ ಹೆಸರನ್ನು ಟಂಕಿಸಿದನೆಂದು ಪಾಶ್ಚಾತ್ಯರು ಹೇಳುವುದುಂಟು. ಸ್ವತಃ ಅವನೂ ಹಾಗೆಯೇ ಹೇಳಿರುವುದರಿಂದ ಆ ಪಕ್ಷವನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ಕೆಂಪೇಗೌಡರ ಮಾಗಡಿಯನ್ನು ಬಲ್ಲವನ ಕಿವಿಗೆ ಇದು ‘ಪುರ ಕಟ್ಟಲ್’ ಎಂದಲ್ಲದೆ ಬೇರೆ ಹೇಗೆ ಕೇಳಿಸೀತು? ಪಕಾರವು ಹಕಾರವಾದುದನ್ನು ಒಪ್ಪಿದ ವೈಯಾಕರಣರು ಅದು ಫಕಾರವಾದುದಕ್ಕೆ ಮುನಿಯಬಾರದು.

ಎರಡನೆಯ ಪ್ರಮಾಣವು ಶಿಲಾಮಯವಾದುದು. ಅದೇ 1975ರ ಆಗಸ್ಟ್ 15ರಂದು ‘ಶೋಲೆ’ ಚಿತ್ರವು ತೆರೆಕಂಡು, ರಾಮದೇವರ ಬೆಟ್ಟದ ಬಂಡೆಗಳು ಲೋಕವಿಖ್ಯಾತವಾದುವು. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯನ್ನೇ ಹೊತ್ತ ಈ ಗ್ರಾನೈಟು ಹೇಗಿದೆಯೆಂದರೆ, ಬೆಟ್ಟದ ಬಿರುಕೂ ಗುಂಡಿನ ಬಿರುಕೂ ಒಂದೇ ಅಚ್ಚಿನವಾಗಿ ಕಾಣುವುದರಿಂದ, ಭೂವಿಜ್ಞಾನಿಯಾದವನು ಪಕ್ಕದಲ್ಲೊಂದು ಸುತ್ತಿಗೆಯನ್ನಿಟ್ಟು ಪಟ ತೆಗೆಯದಿದ್ದರೆ, ನೋಡುತ್ತಿರುವುದು ಪರ್ವತವೋ ಜಲ್ಲಿಯೋ ಎಂಬುದನ್ನು ಬ್ರಹ್ಮನೂ ಹೇಳಲಾರ. ಅಂಶದಲ್ಲಿ ಪೂರ್ಣದ ಛಾಯೆ ತೋರುವ ಈ ಗುಣವೇ ಫ್ರ್ಯಾಕ್ಟಲ್ಲಿನ ಪ್ರಧಾನ ಲಕ್ಷಣ. ಸಿನಿಮಾ ಮೊದಲೋ ಪದ ಮೊದಲೋ ಎಂದು ತಿಂಗಳು ತಾರೀಖು ಕೇಳುವ ಕ್ಷುದ್ರರಿಗೆ ಇಲ್ಲಿ ಅವಕಾಶವಿಲ್ಲ.

ಇನ್ನು ಮ್ಯಾಂಡೆಲ್‌ಬ್ರೋ ಹೆಸರಿನ ಫ್ರ್ಯಾಕ್ಟಲ್ ಚಿತ್ರದ ರಚನಾವಿಧಾನ. ಸೊನ್ನೆಯಿಂದ ಹೊರಟು, ವರ್ಗಿಸಿ, ಆಯ್ದ ಸಂಖ್ಯೆಯೊಂದನ್ನು ಕೂಡಿ, ಬಂದುದನ್ನು ಮತ್ತೆ ವರ್ಗಿಸಿ, ಮತ್ತೆ ಅದನ್ನೇ ಕೂಡಿ, ಹೀಗೆ ಬೇಸರಬಾರದ ಯಂತ್ರದ ಕೈಯಲ್ಲಿ ನೂರಾರು ಬಾರಿ ಮಾಡಿಸಿದಾಗ, ಎಂದೆಂದಿಗೂ ಎರಡರ ಗಡಿಯೊಳಗೇ ಸುಳಿಯುವ ಬಿಂದುಗಳಿಗೆ ಕಪ್ಪನ್ನೂ, ಗಡಿ ದಾಟಿ ಓಡಿದುವಕ್ಕೆ ಅವು ಎಷ್ಟನೆಯ ಹೆಜ್ಜೆಗೆ ಓಡಿದುವೆಂಬುದನ್ನು ನೋಡಿ ಬಣ್ಣವನ್ನೂ ಬಳಿಯತಕ್ಕದ್ದು. ಚನ್ನಪಟ್ಟಣದ ಕುಶಲಕರ್ಮಿಯೂ ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿಯನ್ನೊತ್ತಿ, ತಾಳೆಗರಿಯಿಂದ ಹೊಳಪೇರಿಸುತ್ತಾನೆ. ವ್ಯತ್ಯಾಸವಿಷ್ಟೆ, ಅವನ ಬುಗುರಿ ಸಂಜೆಯೊಳಗೆ ಮುಗಿದು ಮಾರಾಟವಾಗುತ್ತದೆ.

ನನ್ನ ಕೃತಿಗಳ ವಿಮರ್ಶೆಯಾದುದು ಕನಕಪುರದ ಸೀಮೆಯಲ್ಲಿ, ರೇಷ್ಮೆ ಸಾಕುವ ನನ್ನ ಸೋದರತ್ತೆಯಿಂದ. ಹೃದಯಾಕಾರದ ಕರಿಯ ಒಡಲು, ಅದಕ್ಕಂಟಿದ ದುಂಡುತಲೆ, ಮೈಯೆಲ್ಲ ಮೊಗ್ಗುಗಳುಳ್ಳ ಮ್ಯಾಂಡೆಲ್‌ಬ್ರೋ ಚಿತ್ರವನ್ನು ಫೋನಿನಲ್ಲಿ ದಿಟ್ಟಿಸಿ ಅವರೆಂದರು: “ಇದ್ಯಾವ ಹುಳಾನಪ್ಪಾ? ಸಪ್ಪೆರೋಗ ಬಂದು ಕರ್ರಗಾಗ್ಬುಟ್ಟದೆ. ನಮ್ಮ ಹುಳದ ಮನೆ ತಾವ ಮಾತ್ರ ತರಬ್ಯಾಡ.”

ನಾನು ಛಲ ಬಿಡದೆ ಅದನ್ನು ದೊಡ್ಡ ಹಾಳೆಯಲ್ಲಿ ಬಣ್ಣದಲ್ಲಿ ಮುದ್ರಿಸಿ ಒಯ್ದೆನು. ಆಗ ಪೊರೆ ಕಳಚುವ ನಾಲ್ಕನೆಯ ಜ್ವರವೆದ್ದು, ಸೊಪ್ಪು ಮೇದು, ಹುಳು ಹಣ್ಣಾಗಿ ಗೂಡು ಕಟ್ಟಲು ಅಣಿಯಾಗಿದ್ದ ಕಾಲ. ಅದಕ್ಕೆಂದೇ ಬಿದಿರಿನ ದಬ್ಬೆಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿದ ಚಂದ್ರಿಕೆಯನ್ನು ಕಂಡು, ಇದುವೇ ಮೂಲ ಪುರಕಟ್ಟಲ್ ಎಂದು ನಾನು ಪ್ರವಚನವನ್ನಾರಂಭಿಸುವಷ್ಟರಲ್ಲಿ, ಗೂಡಿಗೆ ಮುನ್ನ ಹುಳುಗಳು ಉಚ್ಚೆ ಹೊಯ್ಯುವುದರಿಂದ ಅಡಿಗೆ ಹಾಸಲು ಕಾಗದ ಬೇಕಾಗಿ, ಅತ್ತೆಯವರು ನನ್ನ ಕೃತಿಯನ್ನು ಅಲ್ಲಿ ಹಾಸಿಯೇಬಿಟ್ಟರು.

ಕೆಲವು ದಿನಗಳ ಬಳಿಕ ನೋಡುತ್ತೇನೆ: ಚಂದ್ರಿಕೆಯಿಂದ ಜಾರಿಬಿದ್ದ ಹುಳುವೊಂದು, ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತ ಆಡಿಸುತ್ತ, ಆ ಕರಿಯ ಹೃದಯಕ್ಕೂ ದುಂಡುತಲೆಗೂ ನಡುವಣ ಸಂದಿನಲ್ಲೇ ಗೂಡು ಕಟ್ಟಿದೆ. ನಾನು ಪಟ ತೆಗೆಯಲು ಫೋನನ್ನು ಹುಡುಕುತ್ತಿರುವಾಗ, ಅತ್ತೆಯವರು ಗೂಡನ್ನು ಚಿವುಟಿ ತೆಗೆದು, ರಾಮನಗರದ ಮಾರುಕಟ್ಟೆಗೆ ಹೊರಟಿದ್ದ ರಾಶಿಗೆ ಸೇರಿಸಿ, ಹಾಳೆಯನ್ನು ತಿಪ್ಪೆಗೆಸೆದರು.