ಪಂಚಗಣಿಯ ಸ್ಟ್ರಾಬೆರಿ, ನಾಲ್ವರ ಪಾಲು

ನಮ್ಮನೆಗೂ ಪಕ್ಕದ ಕಾಕಾ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ, ಅಷ್ಟೇ. ಗೋಡೆಯ ಆಚೆ ಅವರ ಕರಿಬೇವು, ಈಚೆ ನನ್ನ ದಾಸವಾಳ. ಕಾಕಾ ವಿಜಯಪುರದ ಕಡೆಯವರು, ಪುಣೆಗೆ ಬಂದು ನಲವತ್ತು ವರ್ಷದ ಮೇಲಾಯ್ತು. ಮಾರ್ಕೆಟ್ ಯಾರ್ಡಿನ ಹಣ್ಣಿನ ಸಾಲಿನಲ್ಲಿ ಅವರದೊಂದು ಗಾಳಾ ಇದೆ. ಅಡತಿ ಅಂಗಡಿಗೆ ಇಲ್ಲಿ ಹಾಗೇ ಅನ್ನೋದು. ತಿಕೋಟಾದ ದ್ರಾಕ್ಷಿ ಬಂದರೆ ಮುಖ ಅರಳುತ್ತೆ, ದಾಳಿಂಬೆಯ ದರ ಬಿದ್ದರೆ ಮಾತು ಕಮ್ಮಿಯಾಗುತ್ತೆ. ನಸುಕಿನ ಮೂರಕ್ಕೆ ಎದ್ದು ಹೋದವರು ಹನ್ನೊಂದಕ್ಕೆಲ್ಲ ಮನೆಗೆ ಬಂದು, ಚಹಾದ ಲೋಟ ಹಿಡಿದು ಗೋಡೆಗೆ ಮೊಣಕೈ ಊರಿ ನಿಂತರೆಂದರೆ ನನ್ನ ಅಡುಗೆ ತಡವಾಯಿತೆಂದೇ ಲೆಕ್ಕ.

ಚಳಿಗಾಲ ಬಂತೆಂದರೆ ಗೋಡೆಯ ಮೇಲೆ ದಿನಕ್ಕೊಂದು ಸ್ಟ್ರಾಬೆರಿ ಡಬ್ಬಿ ಬಂದು ಕೂರುತ್ತೆ. "ತೊಗೊ ತಂಗಿ, ನಮ್ಮ ಹುಡುಗನ ಊರಿಂದ ಬಂದಾವ."

ನಮ್ಮ ಹುಡುಗ ಅಂದರೆ ಯಾರು ಅಂತ ಹೊಸಬರಿಗೆ ತಿಳಿಯೋದಿಲ್ಲ. ಕಾಕಾಗೆ ಪಂಚಗಣಿಯ ಹುಡುಗ ಅಂದರೆ ಒಬ್ಬನೇ, ಫರೋಖ್ ಬುಲ್ಸಾರಾ. ಸೇಂಟ್ ಪೀಟರ್ಸ್ ಶಾಲೆಯ ಬೋರ್ಡಿಂಗಿನಲ್ಲಿ ಓದಿ, ಅಲ್ಲೇ ಪಿಯಾನೊ ಕಲಿತು, ಅಲ್ಲೇ ಗೆಳೆಯರ ಬಾಯಲ್ಲಿ ಫ್ರೆಡ್ಡಿ ಆದವನು, ಮುಂದೆ ಲಂಡನ್ನಿನ ಕ್ವೀನ್ ಬ್ಯಾಂಡಿನ ಗಾಯಕನಾದವನು. ಜಾಂಜಿಬಾರಿನಲ್ಲಿ ಹುಟ್ಟಿದ ಪಾರ್ಸಿ ಕೂಸು ಎಂಟು ವರ್ಷಕ್ಕೆ ಹಡಗು ಹತ್ತಿ ನಮ್ಮ ಸಹ್ಯಾದ್ರಿಗೆ ಬಂತು ಅನ್ನೋದನ್ನು ನೆನೆದಾಗಲೆಲ್ಲ ಕಾಕಾ ದನಿ ಮೆತ್ತಗಾಗುತ್ತೆ. ಅವರೂ ಎಂಟನೆಯ ವಯಸ್ಸಿಗೇ ಊರು ಬಿಟ್ಟು ಸೋಲಾಪುರದ ಬೋರ್ಡಿಂಗಿಗೆ ಹೋದವರಂತೆ. ಪಂಚಗಣಿ ಇಲ್ಲಿಂದ ನೂರು ಕಿಲೋಮೀಟರ್ ಹತ್ತಿರ ಹತ್ತಿರ. ವಾಯಿ ದಾಟಿ ಪಸರಣಿ ಘಾಟ್ ಏರಿದರೆ ಆಯಿತು. ರಾತ್ರಿ ಘಾಟ್ ಇಳಿದ ಹಣ್ಣು ಬೆಳಗಾಗುವ ಮೊದಲೇ ಯಾರ್ಡಿನಲ್ಲಿರುತ್ತೆ.

ಡಬ್ಬಿಯೂ ನೋಡೋ ಹಾಗಿರುತ್ತೆ ಅಲ್ವಾ? ಅಂಗೈಯಗಲದ ಪಾರದರ್ಶಕ ಪ್ಲಾಸ್ಟಿಕ್ಕು, ಮುಚ್ಚಳದಲ್ಲಿ ಗಾಳಿಯಾಡೋ ತೂತು. ಮೇಲಿನ ಸಾಲಿನ ಹಣ್ಣೆಲ್ಲ ಒಂದೇ ಅಳತೆಯವು, ಮೂತಿ ಒಂದೇ ಕಡೆಗೆ. ಕೆಳಗಿನ ಸಾಲಿನಲ್ಲಿ ಚಿಕ್ಕವು. "ಎಲ್ಲಾ ಬ್ಯಾಂಡೂ ಹಿಂಗ ನೋಡವಾ" ಅಂತ ಒಂದು ದಿನ ಕಾಕಾ ಶುರು ಮಾಡಿದರು. "ಮ್ಯಾಲ ಒಂದ ದೊಡ್ಡ ಹಣ್ಣ ಇಟ್ಟು ಮಾರತಾರ. ಕ್ವೀನ್ ಹಂಗಲ್ಲ. ನಾಕೂ ಹಣ್ಣ ಮ್ಯಾಲಿನ ಸಾಲಿನವ."

ಈ ಮಾತಿಗೆ ನಾನು ಅಷ್ಟು ಸುಲಭಕ್ಕೆ ಒಪ್ಪಿದವಳಲ್ಲ. ಶಿವಮೊಗ್ಗದಲ್ಲಿ ನನ್ನಣ್ಣ ಹಾಸ್ಟೆಲಿನಿಂದ ತಂದ ಕ್ಯಾಸೆಟ್ಟು ಕೇಳಿ ಬೆಳೆದ ನನಗೆ ಕ್ವೀನ್ ಅಂದರೆ ಫ್ರೆಡ್ಡಿಯ ಗಂಟಲು. ಉಳಿದ ಮೂವರು ಹಿಂದೆ ನಿಂತು ಬಾರಿಸೋರು ಅಂತಲೇ ಎಷ್ಟೋ ವರ್ಷ ನಂಬಿದ್ದೆ. ಅದನ್ನು ಬಿಡಿಸಿದ್ದು ಈ ಗೋಡೆಯ ಹರಟೆ.

ಆ ಕ್ಯಾಸೆಟ್ಟಿನ ವಿಷಯ ಬಂದಾಗ ನಮ್ಮಜ್ಜಿ ನೆನಪಾಗಲೇಬೇಕು. ತೀರ್ಥಹಳ್ಳಿ ಹತ್ತಿರ ಅಜ್ಜಿಮನೆಯ ಅಟ್ಟಕ್ಕೆ ಮರದ ಹಲಗೆ. ದಸರೆ ರಜೆಯಲ್ಲಿ ಅಣ್ಣ ಅಲ್ಲಿಗೂ ಟೇಪ್‌ರೆಕಾರ್ಡರ್ ಹೊತ್ತು ತಂದಿದ್ದ. ಎರಡು ಸಲ ಕಾಲು ಕುಟ್ಟಿ ಒಂದು ಚಪ್ಪಾಳೆ ಹೊಡೆಯೋ ಆ ಹಾಡು ನಿಮಗೆ ಗೊತ್ತೇ ಇದೆಯಲ್ಲ, ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲೂ ಕೇಳಿಸುತ್ತೆ. ಅಣ್ಣ, ನಾನು, ಚಿಕ್ಕಪ್ಪನ ಇಬ್ಬರು ಮಕ್ಕಳು ಸೇರಿ ಅಟ್ಟದ ಮೇಲೆ ಧಡ್ ಧಡ್ ಅಂತ ಕುಟ್ಟಿದ್ದೇ ಕುಟ್ಟಿದ್ದು. ಕೆಳಗೆ ಅಡುಗೆಮನೆಯಲ್ಲಿ ಅಜ್ಜಿಯ ಸಾರಿನ ಪಾತ್ರೆಗೆ ತಲೆಮಾರುಗಳ ಧೂಳು ಸೋ ಅಂತ ಸುರಿದಿತ್ತು. ಅಜ್ಜಿ ಬೈಯಲಿಲ್ಲ. ಏಣಿಯ ಬುಡಕ್ಕೆ ಬಂದು, ಹಲಗೆ ಮುರಿದರೆ ಅಡಿಕೆ ಮೂಟೆ ಮೇಲೆ ಬೀಳಿ, ಒಲೆ ಮೇಲೆ ಬೀಳಬೇಡಿ ಅಂದಳು. ಆಮೇಲೆ ಆ ಸಾರನ್ನು ಚೆಲ್ಲಿ ಬೇರೆ ಕುದಿಸಿದಳು.

ಇದನ್ನು ಹೇಳಿದಾಗ ಕಾಕಾ ಲೋಟ ಕೆಳಗಿಟ್ಟರು. "ಅವರೂ ಹಲಗಿ ಮ್ಯಾಲ ಕುಟ್ಟಿದ್ದು ತಂಗಿ!" ನಿಜವೇ. 1977ರಲ್ಲಿ 'ನ್ಯೂಸ್ ಆಫ್ ದಿ ವರ್ಲ್ಡ್' ಆಲ್ಬಮ್ಮಿಗೆ ಲಂಡನ್ನಿನ ವೆಸೆಕ್ಸ್ ಸ್ಟುಡಿಯೋದಲ್ಲಿ ಆ ಹಾಡು ಮುದ್ರಿಸುವಾಗ ಡ್ರಮ್ಮು ಬಳಸಲೇ ಇಲ್ಲ. ಹಿಂದೆ ಚರ್ಚಾಗಿದ್ದ ಕಟ್ಟಡ ಅದು. ಅಲ್ಲೇ ಬಿದ್ದಿದ್ದ ಹಳೆ ಹಲಗೆಗಳನ್ನು ಒಟ್ಟು ಮಾಡಿ ಅದರ ಮೇಲೆ ಕುಟ್ಟಿದರು, ಚಪ್ಪಾಳೆ ತಟ್ಟಿದರು. ಅದನ್ನೇ ಮತ್ತೆ ಮತ್ತೆ ಒಂದರ ಮೇಲೊಂದು ಹೇರಿದರು. ಗಿಟಾರ್ ನುಡಿಸೋ ಬ್ರಯಾನ್ ಮೇ ಭೌತಶಾಸ್ತ್ರ ಓದಿದವನು ಅಲ್ವಾ? ಪ್ರತಿ ಪದರಕ್ಕೂ ಒಂದಿಷ್ಟು ತಡ ಕೊಟ್ಟ, ಆ ತಡಗಳನ್ನು ಅವಿಭಾಜ್ಯ ಸಂಖ್ಯೆಗಳ ಲೆಕ್ಕದಲ್ಲಿ ಇಟ್ಟ. ಅದಕ್ಕೇ ಅದು ಪ್ರತಿಧ್ವನಿಯ ಹಾಗೆ ಕೇಳದೆ, ಸಾವಿರ ಜನ ಒಂದೊಂದು ದೂರದಲ್ಲಿ ನಿಂತು ಕುಟ್ಟಿದ ಹಾಗೆ ಕೇಳೋದು. ನಾನಂತೂ ಇದು ತಿಳಿದ ಮೇಲೆ ಆ ಹಾಡನ್ನು ಹೊಸದಾಗಿ ಕೇಳಿದೆ. ಹಮಾಲರು ಲಾರಿಯ ಹಲಗೆ ಮೇಲಿಂದ ಚೀಲ ಹೊತ್ತು ಇಳಿಯುವಾಗ ಯಾರ್ಡಿನಲ್ಲಿ ಏಳೋ ಸದ್ದೂ ಅಂಥದೇ ಅಂತಾರೆ ಕಾಕಾ. ಒಂದು ದಿನ ನಸುಕಿಗೇ ಎದ್ದು ಅವರ ಜೊತೆ ಹೋಗಿ ಕೇಳಿಕೊಂಡೂ ಬಂದೆ. ನಿಜ.

ಅಂಗಡಿಯವರಿಗೆ ಪಾಲುದಾರಿಕೆ ಬಿಟ್ಟರೆ ಬೇರೆ ಉಪಮೆ ಸಿಗೋದಿಲ್ಲ. ಕಾಕಾ ಲೆಕ್ಕ ಹೇಳೋದು ಹೀಗೆ. ಪಂಚಗಣಿಯಲ್ಲಿ 1958ರಲ್ಲಿ ಫ್ರೆಡ್ಡಿ ಮತ್ತು ಗೆಳೆಯರು ಕಟ್ಟಿದ ಶಾಲಾ ಬ್ಯಾಂಡು 'ದಿ ಹೆಕ್ಟಿಕ್ಸ್' ಐವರದು, ಶಾಲೆ ಮುಗಿದದ್ದೇ ಐವರೂ ಐದು ದಿಕ್ಕು. ಡ್ರಮ್ಮು ಬಾರಿಸ್ತಿದ್ದ ವಿಕ್ಟರಿ ರಾಣಾ ಮುಂದೆ ನೇಪಾಳದ ಸೈನ್ಯದಲ್ಲಿ ಜನರಲ್ ಆದ. ಡೆರಿಕ್ ಬ್ರಾಂಚ್ ಇಂಗ್ಲೆಂಡಿನಲ್ಲಿ ನಟನಾದ. ಎಂಥ ವಿಚಿತ್ರ ಅಲ್ವಾ, ಒಂದೇ ಬೆಂಚಿನ ಹುಡುಗರು! ಆದರೆ ಲಂಡನ್ನಿನ ನಾಲ್ವರು 1971ರಲ್ಲಿ ಬೇಸ್ ಗಿಟಾರಿನ ಜಾನ್ ಡೀಕನ್ ಬಂದು ಸೇರಿದ ಮೇಲೆ 1991ರಲ್ಲಿ ಫ್ರೆಡ್ಡಿ ಹೋಗೋವರೆಗೂ ಬದಲಾಗಲಿಲ್ಲ. ಇಪ್ಪತ್ತು ವರ್ಷ ಅದೇ ನಾಲ್ವರು! ಆ ಕಾಲದ ಬೇರೆ ಬ್ಯಾಂಡುಗಳಲ್ಲಿ ಡ್ರಮ್ಮರು ಬಿಟ್ಟ, ಗಾಯಕ ಮುನಿದ ಅನ್ನೋ ಕತೆಗಳೇ ಜಾಸ್ತಿ. ಇಲ್ಲಿ ಯಾರ್ಡಿನಲ್ಲೂ ಅಣ್ಣತಮ್ಮಂದಿರ ಗಾಳಾದ ನಡುವೆ ಇಟ್ಟಿಗೆ ಗೋಡೆ ಏಳೋದಕ್ಕೆ ಇಪ್ಪತ್ತು ವರ್ಷ ಬೇಕಿಲ್ಲ.

ಹಾಗಂತ ಜಗಳವೇ ಇರಲಿಲ್ಲ ಅಂತಲ್ಲ. 1975ರ 'ಬೊಹೀಮಿಯನ್ ರ್‍ಯಾಪ್ಸಡಿ' ಫ್ರೆಡ್ಡಿ ಬರೆದದ್ದು, ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲನೇ ಸ್ಥಾನ. ಆ ಗ್ರಾಮಫೋನ್ ತಟ್ಟೆಯ ಹಿಂಬದಿಗೆ ಡ್ರಮ್ಮರ್ ರೋಜರ್ ಟೇಲರ್ ಬರೆದ ಕಾರಿನ ಮೇಲಿನ ಹಾಡು. ತಟ್ಟೆ ಒಂದು ಮಾರಿದರೆ ಎರಡೂ ಬದಿಯ ಹಾಡು ಬರೆದವರಿಗೆ ಸಮನಾದ ಪಾಲು. ಜನ ಕೊಂಡದ್ದು ಮುಂಬದಿಗಾಗಿ, ದುಡ್ಡು ಬಂದದ್ದು ಇಬ್ಬರಿಗೂ. ಆ ಕಸಿವಿಸಿ ಅವರಲ್ಲಿ ಬಹಳ ವರ್ಷ ಉಳಿಯಿತು. ಕೊನೆಗೆ 1989ರ 'ದಿ ಮಿರಕಲ್' ಹೊತ್ತಿಗೆ, ಯಾರು ಬರೆದರೂ ಎಲ್ಲ ಹಾಡಿಗೂ ಕ್ವೀನ್ ಅಂತಲೇ ಹೆಸರು, ಪಾಲು ನಾಲ್ವರಿಗೂ ಸಮ ಅಂತ ಮಾಡಿಕೊಂಡರು. ಆ ಆಲ್ಬಮ್ಮಿನ ಮುಖಚಿತ್ರ ನೋಡಿದ್ದೀರಾ? ನಾಲ್ಕು ಮುಖಗಳು ಒಂದರೊಳಗೊಂದು ಬೆರೆತು, ಒಬ್ಬನ ಕಣ್ಣು ಎಲ್ಲಿ ಮುಗಿದು ಇನ್ನೊಬ್ಬನದು ಎಲ್ಲಿ ಶುರು ಅಂತ ತಿಳಿಯೋದಿಲ್ಲ. ಕಾಕಾ ಅದನ್ನು ಗೋಡೆ ಮೇಲಿಟ್ಟು ಬೆರಳಿನಿಂದ ಕಣ್ಣು ಎಣಿಸಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ನಾಲ್ವರಲ್ಲಿ ಕಾಕಾಗೆ ಮೆಚ್ಚಿನವನು ಡೀಕನ್. ಮಾತಿಲ್ಲ ಕತೆಯಿಲ್ಲ, ಎಲೆಕ್ಟ್ರಾನಿಕ್ಸ್ ಓದಿದ ಹುಡುಗ. 1972ರಲ್ಲಿ ರಸ್ತೆ ಬದಿಯ ಕಸದ ತೊಟ್ಟಿಯಲ್ಲಿ ಕಂಡ ಒಂದು ಸರ್ಕ್ಯೂಟ್ ಹಲಗೆಯನ್ನು ಮನೆಗೊಯ್ದು, ಪುಸ್ತಕದ ಕಪಾಟಿನಲ್ಲಿ ಕೂರೋವಷ್ಟು ಸಣ್ಣ ಸ್ಪೀಕರ್ ಪೆಟ್ಟಿಗೆಗೆ ಕೂರಿಸಿ ಆಂಪ್ಲಿಫೈಯರ್ ಮಾಡಿದ. ನಡೆಯೋದು ಒಂಬತ್ತು ವೋಲ್ಟಿನ ಬ್ಯಾಟರಿ ಮೇಲೆ. ಬ್ರಯಾನಿನ ಗಿಟಾರೂ ಅಂಥದೇ. 1963ರಲ್ಲಿ ಶುರು ಮಾಡಿ ತಂದೆ ಮಗ ಮನೆಯಲ್ಲೇ ಕೆತ್ತಿದ್ದು. ಕುತ್ತಿಗೆಗೆ ಹಳೆಯ ಬೆಂಕಿಗೂಡಿನ ಮರ, ಒಳಗೆ ಮೋಟಾರ್‌ಸೈಕಲ್ಲಿನ ಸ್ಪ್ರಿಂಗು, ಸ್ವರದ ಗುರುತಿಗೆ ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನಚಿಪ್ಪಿನ ಗುಂಡಿ. ಮೀಟೋದು ಆರು ಪೆನ್ಸಿನ ನಾಣ್ಯದಿಂದ. ಆ ಗಿಟಾರನ್ನು ಈ ಪೆಟ್ಟಿಗೆಗೆ ಚುಚ್ಚಿ 'ಎ ನೈಟ್ ಅಟ್ ದಿ ಒಪೆರಾ' ಆಲ್ಬಮ್ಮಿನ 'ಗುಡ್ ಕಂಪನಿ'ಯಲ್ಲಿ ಕಹಳೆ, ಕ್ಲಾರಿನೆಟ್ಟುಗಳ ಇಡೀ ಜಾಜ್ ತಂಡವನ್ನೇ ನುಡಿಸಿಬಿಟ್ಟರು. ಇಷ್ಟು ಕೈಗೆಲಸ ಇದ್ದದ್ದಕ್ಕೇ ಎಪ್ಪತ್ತರ ದಶಕದ ಅವರ ತಟ್ಟೆಗಳ ಮೇಲೆ ಸಿಂಥಸೈಜರ್ ಬಳಸಿಲ್ಲ ಅಂತ ಅಚ್ಚು ಹಾಕಿಸಿದ್ದು. ಆ ಹೆಮ್ಮೆ ನನಗೆ ಬಹಳ ಇಷ್ಟ. 1980ರ 'ದಿ ಗೇಮ್'ನಲ್ಲಿ ಸಿಂಥಸೈಜರ್ ಬಂತು, ಅದರಲ್ಲೇ ಡೀಕನ್ನಿನ ಬೇಸ್ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೂ ಏರಿತು. ಕಾಕಾ ಅದಕ್ಕೆ ತಲೆದೂಗುತ್ತಾರೆ. ನನ್ನ ಮನಸ್ಸು ಇನ್ನೂ ಟೇಪಿನ ಕಾಲದಲ್ಲೇ ಇದೆ.

ಟೇಪ್ ಅಂದರೆ ಆ ರ್‍ಯಾಪ್ಸಡಿಯ ಟೇಪು. ನಡುವಿನ ಒಪೆರಾ ಭಾಗದ ಗುಂಪಿನಲ್ಲಿ ನೂರಾರು ದನಿ ಕೇಳುತ್ತೆ, ಹಾಡಿದವರು ಮೂರೇ ಜನ. ಫ್ರೆಡ್ಡಿ ನಡುದನಿ, ಬ್ರಯಾನ್ ಮಂದ್ರ, ತಾರಸ್ಥಾಯಿಯ ಆ ಚೀರು ಡ್ರಮ್ಮು ಬಾರಿಸೋ ರೋಜರನದು. ಇಪ್ಪತ್ತನಾಲ್ಕು ಟ್ರ್ಯಾಕ್ ತುಂಬಿದ ಮೇಲೆ ಅವನ್ನು ಒಟ್ಟು ಮಾಡಿ ಇಳಿಸೋದು, ಖಾಲಿಯಾದ ಜಾಗದಲ್ಲಿ ಮತ್ತೆ ಹಾಡೋದು. ಹೀಗೆ ಓಡಿ ಓಡಿ ಟೇಪಿನ ಮೇಲಿನ ಕಂದು ಲೇಪ ಸವೆದು, ಬೆಳಕಿಗೆ ಹಿಡಿದರೆ ಆಚೆಯದು ಕಾಣ್ತಿತ್ತು! ಸವೆದು ಸವೆದು ಆಚೆ ಕಾಣೋವಷ್ಟು ತೆಳ್ಳಗಾದ ಅಜ್ಜಿಯ ಒಂದು ಸೀರೆ ನಮ್ಮನೇಲಿದೆ, ಅದನ್ನು ಮಡಚಿಡುವಾಗಲೆಲ್ಲ ನನಗೆ ಈ ಟೇಪು ನೆನಪಾಗೋದು.

ಮೊದಲ ಆಲ್ಬಮ್ಮಿನ ಕಾಲಕ್ಕೆ ಇವರಿಗೆ ಸ್ಟುಡಿಯೋ ಸಿಗ್ತಿದ್ದದ್ದೇ ಬೇರೆಯವರು ಎದ್ದು ಹೋದ ಅವೇಳೆಯಲ್ಲಿ. ಲಂಡನ್ನಿನ ಟ್ರೈಡೆಂಟಿನಲ್ಲಿ ದೊಡ್ಡ ಹೆಸರಿನವರು ಹಗಲೆಲ್ಲ ಹಾಡಿ ಹೋಗೋದು, ಇವರು ರಾತ್ರಿ ಕಾದು ಕೂತು ಖಾಲಿಯಾದ ಗಂಟೆಗಳಲ್ಲಿ ಮುದ್ರಿಸೋದು. ಹಾಗೆ ಹೊಲಿದ ತಟ್ಟೆ ಹೊರಬಂದದ್ದು 1973ರಲ್ಲಿ. "ನಮ್ಮ ಯಾರ್ಡಿನ ಪಾಳಿ ಇದ್ದಂಗ" ಅಂದರು ಕಾಕಾ.

ಹೋದ ವಾರ ಮಾತು 1974ಕ್ಕೆ ಹೋಯಿತು. 'ಶಿಯರ್ ಹಾರ್ಟ್ ಅಟ್ಯಾಕ್' ಮುದ್ರಿಸೋ ಹೊತ್ತಿಗೆ ಬ್ರಯಾನಿಗೆ ಕಾಮಾಲೆ, ಆಮೇಲೆ ಕರುಳಿನ ಹುಣ್ಣು. ಆಸ್ಪತ್ರೆಯಲ್ಲಿ ಮಲಗಿದವನಿಗೆ, ತನ್ನನ್ನು ಬಿಟ್ಟು ಬೇರೆಯವನನ್ನು ಕರೆತಂದುಬಿಡ್ತಾರೋ ಅನ್ನೋ ಭಯ. ಉಳಿದ ಮೂವರು ಕೆಲಸ ನಿಲ್ಲಿಸಲಿಲ್ಲ, ಬೇರೆಯವರನ್ನು ಕರೆಯಲೂ ಇಲ್ಲ. ಹಾಡು ಕಟ್ಟುತ್ತಾ ಹೋದರು. ಗಿಟಾರ್ ಬರಬೇಕಾದ ಕಡೆಯೆಲ್ಲ ಟೇಪಿನಲ್ಲಿ ಜಾಗ ಬಿಟ್ಟರು. ಬ್ರಯಾನ್ ಚೇತರಿಸಿಕೊಂಡು ಬಂದು ಆ ಖಾಲಿಗಳನ್ನು ಒಂದೊಂದಾಗಿ ತುಂಬಿದ.

ಇದನ್ನು ಹೇಳಿ ಕಾಕಾ ಸುಮ್ಮನಾದರು. ಅವರ ಗಾಳಾದ ಬೋರ್ಡಿನಲ್ಲಿ ಎರಡು ಹೆಸರಿವೆ. ಎರಡನೆಯದು ಸೋಲಾಪುರದ ಬೋರ್ಡಿಂಗಿನಲ್ಲಿ ಜೊತೆಗೆ ಓದಿದ ಗೆಳೆಯರದು. ಅವರು ಹೋಗಿ ಆರು ವರ್ಷವಾಯಿತು. ಪಾಲು ಇವತ್ತಿಗೂ ತಿಂಗಳ ಮೊದಲ ವಾರ ಅವರ ಮನೆಗೆ ಮುಟ್ಟುತ್ತೆ. ಇದನ್ನು ಕಾಕಾ ಹೇಳಿದ್ದಲ್ಲ, ಅವರ ಹೆಂಡತಿ ಕಾಕು ಹೇಳಿದ್ದು.

ನಾನೇ ಮಾತು ಮುಂದುವರಿಸಿದೆ. "ಕಾಕಾ, 1991ರದು ನೆನಪಿದೆಯಾ? 'ಮದರ್ ಲವ್'?"

ನೆನಪಿಲ್ಲದೆ ಏನು. ಸ್ವಿಟ್ಜರ್ಲೆಂಡಿನ ಮಾಂತ್ರೋದಲ್ಲಿ ಅವರದೇ ಸ್ಟುಡಿಯೋ. ಫ್ರೆಡ್ಡಿಗೆ ನಿಲ್ಲೋದೇ ಕಷ್ಟ. ಬ್ರಯಾನ್ ಒಂದೊಂದೇ ಚರಣ ಬರೆದು ಕೊಟ್ಟ ಹಾಗೆ ಇವನು ಹಾಡಿದ. ಕೊನೆಯ ಚರಣ ಇನ್ನೊಂದು ದಿನ ಬಂದು ಹಾಡ್ತೀನಿ ಅಂತ ಹೇಳಿ ಹೋದ. ನವೆಂಬರ್ 24ಕ್ಕೆ ತೀರಿಕೊಂಡ. 1995ರಲ್ಲಿ 'ಮೇಡ್ ಇನ್ ಹೆವನ್' ಬಂದಾಗ ಆ ಕೊನೆಯ ಚರಣ ಬ್ರಯಾನಿನ ದನಿಯಲ್ಲಿತ್ತು. ಮೊದಲ ಸಲ ಕೇಳುವಾಗ ದನಿ ಬದಲಾದದ್ದು ಎಲ್ಲಿ ಅಂತ ಗೊತ್ತಾಗದೆ, ನಾನು ಮತ್ತೆ ಹಿಂದಕ್ಕೆ ಓಡಿಸಿ ಕೇಳಿದ್ದೆ.

"ಫ್ರೆಡ್ಡಿ ಅವನ ಜಾಗಾ ಕಾದಿದ್ನಲ್ಲ" ಅಂದರು ಕಾಕಾ. ಲೋಟದ ಚಹಾ ಆರಿ ಕೆನೆಗಟ್ಟಿತ್ತು. ಒಳಗಿಂದ ಕಾಕು ಊಟಕ್ಕೆ ಕೂಗಿದರು. ಅವರು ಹೊರಟ ಮೇಲೆ ನೋಡಿದರೆ ಸ್ಟ್ರಾಬೆರಿ ಡಬ್ಬಿ ಗೋಡೆಯ ಮೇಲೇ ಇತ್ತು. ತೆಗೆದುಕೊಳ್ಳೋದನ್ನೇ ಮರೆತಿದ್ದೆ, ಬಿಸಿಲಿಗೆ ಮುಚ್ಚಳದ ಒಳಗೆಲ್ಲ ಬೆವರು.